ಸಪೋರ್ಟ್, ಪ್ಯಾಟರ್ನ್, ಸ್ಟಾಪ್‌ಲಾಸ್: ಚಾರ್ಟ್ ನೋಡಿ ಷೇರು ಕೊಳ್ಳುವ ಸಮಗ್ರ ಮಾರ್ಗದರ್ಶಿ

2025ರ ಏಪ್ರಿಲ್ 7, ಸೋಮವಾರ. ಹಿಂದಿನ ಶುಕ್ರವಾರ 22,904ಕ್ಕೆ ಮುಗಿದಿದ್ದ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಅಂದು ಬೆಳಿಗ್ಗೆ 21,760ರ ಆಸುಪಾಸಿನಲ್ಲಿ ಶುರುವಾಯಿತು. ಅಮೆರಿಕದ ಸುಂಕದ ಸುದ್ದಿಗೆ ಎಲ್ಲ ಕಡೆ ಮಾರುಕಟ್ಟೆಗಳು ಕುಸಿದಿದ್ದವು. ಅದಕ್ಕೂ ಮೊದಲು, ಮಾರ್ಚ್ 4ರಂದು, ನಿಫ್ಟಿ 21,965ರವರೆಗೆ ಇಳಿದು ಎದ್ದಿತ್ತು. ಹಾಗಾಗಿ ಅಲ್ಲೊಂದು ಸಪೋರ್ಟ್ ಗೆರೆ, ಅಂದರೆ ಇಳಿತ ನಿಲ್ಲಬಹುದಾದ ಬೆಲೆಯ ಗೆರೆ, ಎಳೆಯಬಹುದಿತ್ತು. ಏಪ್ರಿಲ್ 7ರಂದು ಆ ಗೆರೆಯ ಕೆಳಗೇ ವ್ಯಾಪಾರ ಶುರುವಾಯಿತು, 21,744ರವರೆಗೂ ಹೋಯಿತು. ಆದರೆ ದಿನ ಮುಗಿಯುವಾಗ ನಿಫ್ಟಿ 22,162ರಲ್ಲಿತ್ತು, ಅಂದರೆ ಗೆರೆಯ ಮೇಲೆ. ಎರಡು ವಾರದಲ್ಲಿ 24,000 ದಾಟಿತು.

ಸಪೋರ್ಟ್ ಮತ್ತು ಪ್ಯಾಟರ್ನ್ (ಚಾರ್ಟಿನಲ್ಲಿ ಬೆಲೆ ಮೂಡಿಸುವ ಆಕಾರ) ಬಗ್ಗೆ ಕಲಿಯಬೇಕಾದ ಬಹುಪಾಲು ಈ ಒಂದೇ ಚಾರ್ಟಿನಲ್ಲಿ ಸಿಗುತ್ತದೆ. ಮಾರ್ಚ್‌ನಿಂದ ಮೇವರೆಗಿನ ನಿಫ್ಟಿಯ ದಿನದ ಚಾರ್ಟನ್ನು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ತೆರೆದಿಟ್ಟುಕೊಂಡು ಮುಂದೆ ಓದಿ. ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಳೆ ಏನಾಗುತ್ತದೆ ಎಂದು ಚಾರ್ಟ್ ಹೇಳುವುದಿಲ್ಲ. ಯಾವ ಬೆಲೆಗೆ ಬಂದರೆ ನಮ್ಮ ಲೆಕ್ಕ ತಪ್ಪು ಎಂದು ಒಪ್ಪಿಕೊಳ್ಳಬೇಕು ಅನ್ನುವುದನ್ನು ಅದು ಕೊಳ್ಳುವ ಮೊದಲೇ ತೋರಿಸುತ್ತದೆ. ಆ ಒಂದು ಬೆಲೆ ಗೊತ್ತಾದರೆ ಎಷ್ಟು ಷೇರು ಕೊಳ್ಳಬಹುದು, ಕೊಳ್ಳುವುದು ಲಾಭಕರವಾ ಅನ್ನುವ ಎರಡೂ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪ್ಯಾಟರ್ನ್‌ಗಳ ಹೆಸರು ಬಾಯಿಪಾಠ ಮಾಡಿದವರಿಗಿಂತ ಈ ಒಂದು ಬೆಲೆಯನ್ನು ಗಟ್ಟಿಯಾಗಿ ಹಿಡಿದವರು ಜಾಸ್ತಿ ದಿನ ಉಳಿಯುತ್ತಾರೆ.

ಇಲ್ಲಿ ಬರೆದಿರುವುದು ಡೆಲಿವರಿ ತೆಗೆದುಕೊಂಡು (ಷೇರನ್ನು ನಮ್ಮ ಖಾತೆಗೆ ಪಡೆದು) ಕೆಲವು ವಾರದಿಂದ ಕೆಲವು ತಿಂಗಳು ಇಟ್ಟುಕೊಳ್ಳುವ ಸ್ವಿಂಗ್ ಟ್ರೇಡಿಂಗ್ ಬಗ್ಗೆ. ಕೊಂಡ ದಿನವೇ ಮಾರುವ ಇಂಟ್ರಾಡೇ ಅಲ್ಲ, ಆಪ್ಷನ್ ಅಂತೂ ಅಲ್ಲವೇ ಅಲ್ಲ. 2022-23ರಲ್ಲಿ ಷೇರುಗಳಲ್ಲಿ ಇಂಟ್ರಾಡೇ ಮಾಡಿದ 10 ಜನರಲ್ಲಿ 7 ಜನ ಹಣ ಕಳೆದುಕೊಂಡರು ಎಂದು ಮಾರುಕಟ್ಟೆ ನಿಯಂತ್ರಕ ಸೆಬಿಯ ಅಧ್ಯಯನವೇ ಹೇಳಿದೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ (ಮುಂದಿನ ದಿನಾಂಕದ ಬೆಲೆಯ ಮೇಲಿನ ಒಪ್ಪಂದಗಳಲ್ಲಿ) ಮೂರು ವರ್ಷದ ಲೆಕ್ಕ ನೋಡಿದಾಗ ನಷ್ಟ ಕಂಡವರು ಶೇ. 93. ಕಲಿಯುವವರಿಗೆ ಅದು ಜಾಗವಲ್ಲ.

ಹೆಜ್ಜೆ 1: ಚಾರ್ಟ್ ನಂಬಬಹುದಾದ ಷೇರನ್ನು ಮಾತ್ರ ಆರಿಸಿ

ಸಪೋರ್ಟ್ ಕೆಲಸ ಮಾಡುವುದು ಸಾವಿರಾರು ಜನ ಒಂದೇ ಬೆಲೆಯನ್ನು ನೆನಪಿಟ್ಟುಕೊಂಡಿರುವುದರಿಂದ. ದಿನಕ್ಕೆ ನಾಲ್ಕು ಜನ ಕೊಡು-ಕೊಳ್ಳು ಮಾಡುವ ಷೇರಿನಲ್ಲಿ ಆ ನೆನಪೇ ಇರುವುದಿಲ್ಲ. ಅಲ್ಲಿನ ಚಾರ್ಟನ್ನು ಯಾರೋ ಒಬ್ಬಿಬ್ಬರು ಬೇಕಾದ ಹಾಗೆ ಎಳೆಯಬಹುದು. ಆದ್ದರಿಂದ ಶುರುವಿಗೆ ನಿಫ್ಟಿ 500 ಪಟ್ಟಿಯಿಂದ ಆಚೆ ಹೋಗಬೇಡಿ. ಸಾಧ್ಯವಾದರೆ ನಿಫ್ಟಿ 200ರಲ್ಲೇ ಇರಿ.

ಇನ್ನೊಂದು ಕಾರಣ ಸರ್ಕ್ಯೂಟ್. ಎಷ್ಟೋ ಸಣ್ಣ ಷೇರುಗಳಿಗೆ ದಿನಕ್ಕೆ ಶೇ. 5ಕ್ಕಿಂತ ಜಾಸ್ತಿ ಏರಲು, ಇಳಿಯಲು ಬಿಡದ ಮಿತಿ ಇರುತ್ತದೆ. ಕೆಟ್ಟ ಸುದ್ದಿ ಬಂದರೆ ಲೋವರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡು ದಿನಗಟ್ಟಲೆ ಕೊಳ್ಳುವವರೇ ಇರುವುದಿಲ್ಲ. ಆಗ ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕೆ ಇಳಿದರೆ ಮಾರು ಎಂದು ಮೊದಲೇ ಇಡುವ ಆರ್ಡರ್) ಇದ್ದೂ ಇಲ್ಲದ ಹಾಗೆ. ಟ್ರೇಡ್ ಟು ಟ್ರೇಡ್ ವಿಭಾಗದಲ್ಲಿರುವ (ಡೆಲಿವರಿ ಕಡ್ಡಾಯವಾದ) ಷೇರು, ಎಕ್ಸ್‌ಚೇಂಜು ವಿಶೇಷ ನಿಗಾ ಇಟ್ಟಿರುವ ಎಎಸ್‌ಎಂ, ಜಿಎಸ್‌ಎಂ ಪಟ್ಟಿಯಲ್ಲಿರುವ ಷೇರು, ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಟಿಪ್ ಕೊಟ್ಟ ಷೇರು, ಇವು ಮೂರನ್ನೂ ಬಿಟ್ಟುಬಿಡಿ.

ಹೆಜ್ಜೆ 2: ಪರದೆ ಖಾಲಿ ಮಾಡಿ

ಕ್ಯಾಂಡಲ್ ಚಾರ್ಟ್ (ಪ್ರತಿ ದಿನದ ಶುರು, ಮುಕ್ತಾಯ, ಮೇಲಿನ ಮತ್ತು ಕೆಳಗಿನ ಬೆಲೆಯನ್ನು ಒಂದೊಂದು ಕಡ್ಡಿಯಲ್ಲಿ ತೋರಿಸುವುದು), ಕೆಳಗೆ ವಾಲ್ಯೂಮ್ (ಎಷ್ಟು ಷೇರು ಕೈ ಬದಲಾಯಿತು ಎಂಬ ಲೆಕ್ಕ). ಬೇಕಿದ್ದರೆ 200 ದಿನದ ಸರಾಸರಿ ಗೆರೆ. ಇಷ್ಟು ಸಾಕು. ಏಳೆಂಟು ಇಂಡಿಕೇಟರ್ (ಬೆಲೆಯಿಂದ ಲೆಕ್ಕ ಹಾಕಿ ತೋರಿಸುವ ಸೂಚಕಗಳು) ಹಾಕಿಕೊಂಡರೆ ಒಂದು ಕೊಳ್ಳಿ ಅನ್ನುತ್ತದೆ, ಇನ್ನೊಂದು ಮಾರಿ ಅನ್ನುತ್ತದೆ. ಬೆಲೆಯನ್ನು ನೋಡುವುದೇ ಮರೆತುಹೋಗುತ್ತದೆ.

ಮೊದಲು ವಾರದ ಚಾರ್ಟಿನಲ್ಲಿ ಮೂರು ವರ್ಷ ನೋಡಿ, ಆಮೇಲೆ ದಿನದ ಚಾರ್ಟಿಗೆ ಬನ್ನಿ. 15 ನಿಮಿಷದ ಚಾರ್ಟು ನಮ್ಮ ಕೆಲಸಕ್ಕೆ ಬೇಡ.

ಬೋನಸ್ (ಇರುವ ಷೇರಿಗೆ ಕೊಡುವ ಉಚಿತ ಷೇರು) ಮತ್ತು ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಬಗ್ಗೆ ಎಚ್ಚರ ಇರಲಿ. ರಿಲಯನ್ಸ್ 2024ರ ಅಕ್ಟೋಬರ್‌ನಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಾಗ ಬೆಲೆ ಅರ್ಧವಾಯಿತು. ಚಾರ್ಟಿನ ತಂತ್ರಾಂಶ ಹಳೆಯ ಬೆಲೆಗಳನ್ನೂ ಅರ್ಧ ಮಾಡಿ ತೋರಿಸುತ್ತದೆ. ಆದರೆ ನೀವು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಸಪೋರ್ಟ್ ಬೆಲೆ ತಾನಾಗೇ ಬದಲಾಗುವುದಿಲ್ಲ ಅಲ್ವಾ? ಹಳೆಯ ಅಲರ್ಟ್‌ಗಳನ್ನೂ ಆಗ ಹೊಸದಾಗಿ ಹಾಕಬೇಕು.

ಹೆಜ್ಜೆ 3: ಸಪೋರ್ಟ್ ಗುರುತಿಸಿ, ಗೆರೆಯಾಗಿ ಅಲ್ಲ, ಪಟ್ಟಿಯಾಗಿ

ಇದು ಇಡೀ ಕೆಲಸದ ಬುನಾದಿ. ನಿಧಾನವಾಗಿ ನೋಡೋಣ.

ಬೆಲೆ ಇಳಿಯುತ್ತಾ ಬಂದು ಒಂದು ಕಡೆ ನಿಂತು ಮೇಲಕ್ಕೆ ತಿರುಗಿತು ಅಂದುಕೊಳ್ಳಿ. ಅಲ್ಲಿ ಮೂರು ಬಗೆಯ ಜನ ಹುಟ್ಟುತ್ತಾರೆ. ಅಲ್ಲಿ ಕೊಂಡವರು ಖುಷಿಯಾಗಿರುತ್ತಾರೆ, ಮತ್ತೆ ಆ ಬೆಲೆ ಬಂದರೆ ಇನ್ನಷ್ಟು ಕೊಳ್ಳುತ್ತಾರೆ. ಕೊಳ್ಳಬೇಕು ಅಂದುಕೊಂಡು ಬಿಟ್ಟವರು ಈ ಸಲ ಬಿಡಬಾರದು ಎಂದು ಕಾಯುತ್ತಾರೆ. ಅಲ್ಲಿ ಮಾರಿದವರು ಕೈ ಕೈ ಹಿಸುಕಿಕೊಳ್ಳುತ್ತಾರೆ, ಅದೇ ಬೆಲೆಗೆ ವಾಪಸ್ ಸಿಕ್ಕರೆ ಸಾಕು ಅನ್ನುತ್ತಾರೆ. ಬೆಲೆ ಮತ್ತೆ ಅಲ್ಲಿಗೆ ಬಂದಾಗ ಈ ಮೂವರೂ ಕೊಳ್ಳುವ ಸಾಲಿನಲ್ಲಿ ನಿಲ್ಲುತ್ತಾರೆ. ಸಪೋರ್ಟ್ ಅಂದರೆ ಇಷ್ಟೇ. ಮೇಲೆ ಹೋಗಿ ಹೋಗಿ ವಾಪಸ್ ಬರುವ ಬೆಲೆಯೇ ರೆಸಿಸ್ಟೆನ್ಸ್. ಅಲ್ಲಿ ಇದೇ ಜನ ತಿರುವುಮುರುವಾಗಿ ಮಾರಲು ನಿಂತಿರುತ್ತಾರೆ.

ಈ ಮೂವರೂ ಪೈಸೆ ಲೆಕ್ಕದಲ್ಲಿ ಒಂದೇ ಬೆಲೆ ನೆನಪಿಡುವುದಿಲ್ಲ. ಅದಕ್ಕೇ ಗೆರೆ ಎಳೆಯಬೇಡಿ, ಪಟ್ಟಿ ಬಳಿಯಿರಿ. ಇಳಿತದ ಕೊನೆಯ ಕ್ಯಾಂಡಲ್‌ಗಳ ತೀರಾ ಕೆಳಗಿನ ತುದಿ ಒಂದು ಅಂಚು, ಅವುಗಳ ಮುಕ್ತಾಯದ ಬೆಲೆ ಇನ್ನೊಂದು ಅಂಚು. ದೊಡ್ಡ ಷೇರುಗಳಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಬೆಲೆಯ ಶೇ. 1ರಿಂದ 2ರಷ್ಟು ಅಗಲ ಇರುತ್ತದೆ. ಏಪ್ರಿಲ್ 7ರಂದು ನಿಫ್ಟಿ ಮಾರ್ಚ್‌ನ ತಳಕ್ಕಿಂತ 221 ಪಾಯಿಂಟ್ ಕೆಳಗೆ ಹೋಗಿತ್ತು. ಅದು ಶೇ. 1. ಗೆರೆ ಎಳೆದವರಿಗೆ ಸಪೋರ್ಟ್ ಒಡೆಯಿತು, ಪಟ್ಟಿ ಬಳಿದು ದಿನ ಮುಗಿಯುವವರೆಗೆ ಕಾದವರಿಗೆ ಒಡೆಯಲಿಲ್ಲ.

ಹಳೆಯ ರೆಸಿಸ್ಟೆನ್ಸ್ ಹೊಸ ಸಪೋರ್ಟ್ ಆಗುವುದನ್ನೂ ಇಲ್ಲೇ ಕಲಿಯಬೇಕು. ನನಗೆ ತುಂಬ ನಂಬಿಕೆ ಇರುವ ಬಗೆ ಇದು. 2022ರ ಡಿಸೆಂಬರ್ 1ರಂದು ನಿಫ್ಟಿ 18,888ರವರೆಗೆ ಹೋಗಿ ತಿರುಗಿತು. ಮುಂದಿನ ಮಾರ್ಚ್‌ನಲ್ಲಿ 17,000ದ ಕೆಳಗೆ ಬಂತು. 2023ರ ಜೂನ್ 28ರಂದು ಆ ಹಳೆಯ ಎತ್ತರವನ್ನು ದಾಟಿ, ಸೆಪ್ಟೆಂಬರ್‌ನಲ್ಲಿ 20,222 ಮುಟ್ಟಿತು. ಆಮೇಲೆ ಮತ್ತೆ ಇಳಿತ. ಅಕ್ಟೋಬರ್ 26ರಂದು ಎಲ್ಲಿ ನಿಂತಿತು ಗೊತ್ತಾ? 18,838ರಲ್ಲಿ. ಹತ್ತು ತಿಂಗಳಿಗೂ ಹಿಂದಿನ ಬೆಲೆಯಿಂದ 50 ಪಾಯಿಂಟ್ ದೂರ! ಡಿಸೆಂಬರ್ ಮೊದಲ ದಿನವೇ ಹೊಸ ದಾಖಲೆಯಲ್ಲಿ ಮುಗಿಯಿತು.

ಒಂದು ಸಪೋರ್ಟ್‌ಗೆ ಬೆಲೆ ಎಷ್ಟು ಸಲ ಬಂದು ತಾಗಿದರೆ ಅಷ್ಟು ಗಟ್ಟಿ ಎಂದು ಎಲ್ಲ ಕಡೆ ಹೇಳುತ್ತಾರೆ. ಎರಡು-ಮೂರು ಸಲದವರೆಗೆ ಒಪ್ಪುತ್ತೇನೆ. ಆಮೇಲೆ ಒಪ್ಪುವುದಿಲ್ಲ. ಮಳೆಗಾಲದಲ್ಲಿ ಅಲೆ ಬಡಿದು ಬಡಿದು ಕೆರೆ ಏರಿಯ ಮಣ್ಣು ಸಡಿಲವಾಗುವ ಹಾಗೆ, ಪ್ರತಿ ಸಲ ಬೆಲೆ ಬಂದಾಗಲೂ ಅಲ್ಲಿ ಕಾದಿದ್ದ ಕೊಳ್ಳುವವರಲ್ಲಿ ಒಂದಷ್ಟು ಜನ ಕೊಂಡು ಮುಗಿಸುತ್ತಾರೆ. ಒಂದೇ ತಿಂಗಳಲ್ಲಿ ನಾಲ್ಕನೇ ಸಲ, ಐದನೇ ಸಲ ಅದೇ ಪಟ್ಟಿಗೆ ಬಂದು, ಪ್ರತಿ ಸಲ ಮೇಲೆದ್ದ ಎತ್ತರ ಕಮ್ಮಿಯಾಗುತ್ತಿದ್ದರೆ ಅಲ್ಲಿ ಕೊಳ್ಳಬೇಡಿ.

ಸಪೋರ್ಟ್ ಒಡೆಯುತ್ತದೆ ಅನ್ನುವುದನ್ನೂ ಕಣ್ಣಾರೆ ನೋಡಿಕೊಳ್ಳಿ. 2018ರ ಮಾರ್ಚ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ನಿಫ್ಟಿ 10,000ದ ಹತ್ತಿರ ನಿಂತು ತಿರುಗಿತ್ತು. ಒಳ್ಳೆಯ ಸಪೋರ್ಟ್. 2020ರ ಮಾರ್ಚ್ 12ರಂದು 9,590ಕ್ಕೆ ಮುಗಿಯಿತು. ಮಾರ್ಚ್ 24ರಂದು 7,511 ಕಂಡಿತು. ಅಷ್ಟು ಒಳ್ಳೆಯ ಸಪೋರ್ಟನ್ನು ನಂಬಿ ಕೊಂಡವರು ತಪ್ಪು ಮಾಡಿರಲಿಲ್ಲ. ಒಡೆದ ಮೇಲೂ ಕೂತವರು ಮಾಡಿದರು.

ಹೆಜ್ಜೆ 4: ಪ್ಯಾಟರ್ನ್, ಶುರುವಿಗೆ ಎರಡೇ ಸಾಕು

ಡಬಲ್ ಬಾಟಮ್ ಒಂದು, ಅಸೆಂಡಿಂಗ್ ಟ್ರಯಾಂಗಲ್ ಇನ್ನೊಂದು.

ಡಬಲ್ ಬಾಟಮ್‌ಗೆ 2025ರ ನಿಫ್ಟಿಯೇ ಮಾದರಿ. ಮೊದಲ ತಳ ಮಾರ್ಚ್ 4ರ 21,965. ಅಲ್ಲಿಂದ ಎದ್ದು ಮಾರ್ಚ್ 25ರಂದು 23,870 ಮುಟ್ಟಿ ತಿರುಗಿತು. ಎರಡನೇ ತಳ ಏಪ್ರಿಲ್ 7ರ 21,744. ನಡುವಿನ ಆ 23,870 ಇದೆಯಲ್ಲ, ಅದೇ ನೆಕ್‌ಲೈನ್. ಎರಡು ತಳ ಕಂಡ ಮಾತ್ರಕ್ಕೆ ಡಬಲ್ ಬಾಟಮ್ ಆಗುವುದಿಲ್ಲ. ನೆಕ್‌ಲೈನ್ ಮೇಲೆ ದಿನ ಮುಗಿದ ಮೇಲೇ ಅದಕ್ಕೆ ಆ ಹೆಸರು. ಅಲ್ಲಿಯವರೆಗೆ ಅದು ಇಳಿಯುತ್ತಿರುವ ಮಾರುಕಟ್ಟೆಯಲ್ಲಿ ಬಂದ ಎರಡು ನಿಲ್ದಾಣ, ಅಷ್ಟೇ.

ಒಳ್ಳೆಯ ಡಬಲ್ ಬಾಟಮ್‌ನಲ್ಲಿ ಎರಡು ತಳಗಳ ನಡುವೆ ಮೂರು-ನಾಲ್ಕು ವಾರವಾದರೂ ಇರಬೇಕು. ಮೂರು ದಿನದ ಅಂತರದಲ್ಲಿ ಕಾಣುವ ಎರಡು ಗುಂಡಿಗಳಿಗೆ ಅರ್ಥವಿಲ್ಲ. ಎರಡನೇ ತಳ ಮೊದಲನೆಯದಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಅದೇ ದಿನ ಮೇಲೆ ಬಂದರೆ ಹೆದರಬೇಡಿ. ಮೊದಲ ತಳದ ಕೆಳಗೆ ಸ್ಟಾಪ್‌ಲಾಸ್ ಇಟ್ಟವರೆಲ್ಲ ಅಲ್ಲಿ ಖಾಲಿಯಾಗಿ, ಮಾರುವವರು ಕಮ್ಮಿಯಾಗುತ್ತಾರೆ.

ಅಸೆಂಡಿಂಗ್ ಟ್ರಯಾಂಗಲ್‌ನಲ್ಲಿ ಮೇಲಿನ ರೆಸಿಸ್ಟೆನ್ಸ್ ಒಂದೇ ಬೆಲೆಯಲ್ಲಿ ಇರುತ್ತದೆ, ಪ್ರತಿ ಸಲದ ತಳ ಮಾತ್ರ ಮೇಲೆ ಮೇಲೆ ಬರುತ್ತಿರುತ್ತದೆ. ಕೊಳ್ಳುವವರಿಗೆ ಅಗ್ಗವಾಗುವವರೆಗೆ ಕಾಯುವ ತಾಳ್ಮೆ ಇಲ್ಲ ಎಂದರ್ಥ. ಉಳಿದ ಫ್ಲ್ಯಾಗ್, ಕಪ್ ಅಂಡ್ ಹ್ಯಾಂಡಲ್, ಹೆಡ್ ಅಂಡ್ ಶೋಲ್ಡರ್ಸ್ ಎಲ್ಲ ಇವೇ ಮಾತಿನ ಬೇರೆ ಬೇರೆ ರೂಪ. ಹೆಸರು ಆಮೇಲೆ ಕಲಿತರಾಯಿತು. ಚಾರ್ಟ್ ದಿಟ್ಟಿಸಿ ನೋಡಿ, ತಲೆ ಓರೆ ಮಾಡಿ ಪ್ಯಾಟರ್ನ್ ಹುಡುಕಬೇಕಾಗಿ ಬಂದರೆ ಅಲ್ಲಿ ಪ್ಯಾಟರ್ನ್ ಇಲ್ಲ.

ಹೆಜ್ಜೆ 5: ಬ್ರೇಕ್‌ಔಟ್ ನಿಜವಾ ಎಂದು ನೋಡಿ, ಆಮೇಲೆ ಕಾಯಿರಿ

ಬೆಲೆ ರೆಸಿಸ್ಟೆನ್ಸ್ ದಾಟಿ ಮೇಲೆ ಹೋಗುವುದೇ ಬ್ರೇಕ್‌ಔಟ್. ಬೆಳಿಗ್ಗೆ 11ಕ್ಕೆ ರೆಸಿಸ್ಟೆನ್ಸ್ ದಾಟಿದ್ದು ಮಧ್ಯಾಹ್ನ 3ಕ್ಕೆ ಕೆಳಗಿರುವುದು ದಿನನಿತ್ಯದ ಕತೆ. ದಿನದ ಮುಕ್ತಾಯದ ಬೆಲೆ ಮಾತ್ರ ಲೆಕ್ಕ. ಷೇರುಗಳಲ್ಲಾದರೆ ಆ ದಿನದ ವಾಲ್ಯೂಮ್ ಹಿಂದಿನ 20 ದಿನದ ಸರಾಸರಿಗಿಂತ ಒಂದೂವರೆ ಪಟ್ಟಾದರೂ ಇರಲಿ ಎಂಬುದು ನನ್ನ ಅಳತೆ. ಸೂಚ್ಯಂಕದ ಚಾರ್ಟಿನಲ್ಲಿ ವಾಲ್ಯೂಮ್‌ಗೆ ಅಷ್ಟು ಬೆಲೆ ಕೊಡಬೇಕಿಲ್ಲ.

ನಿಫ್ಟಿ ಏಪ್ರಿಲ್ 17ರಂದು 23,852ಕ್ಕೆ ಮುಗಿಯಿತು. ನೆಕ್‌ಲೈನ್‌ಗೆ ಇನ್ನೂ 18 ಪಾಯಿಂಟ್ ಬಾಕಿ. ಅದು ಬ್ರೇಕ್‌ಔಟ್ ಅಲ್ಲ. ಏಪ್ರಿಲ್ 21ರಂದು 24,126ಕ್ಕೆ ಮುಗಿದಾಗ ಆಯಿತು.

ಈಗ ಕೊಳ್ಳಬಹುದಾ? ಇಲ್ಲಿ ಲೆಕ್ಕ ಹಾಕಿ ನೋಡಬೇಕು. ಡಬಲ್ ಬಾಟಮ್‌ನ ಟಾರ್ಗೆಟ್ (ಬೆಲೆ ಮುಟ್ಟಬಹುದಾದ ಗುರಿ) ಕಂಡುಹಿಡಿಯುವುದು ಸುಲಭ. ತಳದಿಂದ ನೆಕ್‌ಲೈನ್‌ವರೆಗಿನ ಎತ್ತರವನ್ನು ನೆಕ್‌ಲೈನ್ ಮೇಲೆ ಸೇರಿಸಬೇಕು. 23,870ರಲ್ಲಿ 21,744 ಕಳೆದರೆ 2,126. ಅದನ್ನು ಕೂಡಿದರೆ 25,996. 24,126ಕ್ಕೆ ಕೊಂಡರೆ ಸಿಗಬಹುದಾದ್ದು 1,870 ಪಾಯಿಂಟ್. ಆದರೆ ಎರಡು ವಾರದಲ್ಲಿ ನೆಟ್ಟಗೆ ಎದ್ದು ಬಂದ ಬೆಲೆಗೆ ನಡುವೆ ನಿಲ್ಲಲು ಜಾಗವೇ ಇರಲಿಲ್ಲ. ಪ್ಯಾಟರ್ನ್ ಸುಳ್ಳಾಯಿತು ಎಂದು ಖಚಿತವಾಗುವುದು 21,744ರ ಕೆಳಗೆ, ಅಂದರೆ 2,382 ಪಾಯಿಂಟ್ ದೂರದಲ್ಲಿ. ಕಳೆದುಕೊಳ್ಳುವುದೇ ಜಾಸ್ತಿ. ಪ್ಯಾಟರ್ನ್ ಚೆನ್ನಾಗಿದೆ, ಟ್ರೇಡ್ ಚೆನ್ನಾಗಿಲ್ಲ. ಇವೆರಡು ಬೇರೆ ಬೇರೆ ವಿಷಯ ಎಂದು ತಿಳಿಯಲು ಬಹಳ ಜನಕ್ಕೆ ವರ್ಷಗಳೇ ಬೇಕಾಗುತ್ತವೆ.

ಹಾಗಾದರೆ ಕಾಯಬೇಕು. ದಾಟಿದ ನೆಕ್‌ಲೈನ್‌ಗೆ ಬೆಲೆ ಎಷ್ಟೋ ಸಲ ವಾಪಸ್ ಬಂದು ತಾಗಿ ಹೋಗುತ್ತದೆ. ಇದಕ್ಕೆ ರಿಟೆಸ್ಟ್ ಅನ್ನುತ್ತಾರೆ. ಮೇ 9ರಂದು, ಭಾರತ-ಪಾಕಿಸ್ತಾನದ ಸಂಘರ್ಷದ ನಡುವೆ, ನಿಫ್ಟಿ 23,936ರವರೆಗೆ ಇಳಿದು 24,008ಕ್ಕೆ ಮುಗಿಯಿತು. ನೆಕ್‌ಲೈನ್ ಉಳಿಯಿತು. ಅಲ್ಲಿ ಕೊಂಡು, ನೆಕ್‌ಲೈನ್ ಪಟ್ಟಿಯ ಕೆಳಗೆ 23,700ರಲ್ಲಿ ಸ್ಟಾಪ್‌ಲಾಸ್ ಇಟ್ಟರೆ ಅಪಾಯ 308 ಪಾಯಿಂಟ್, ಟಾರ್ಗೆಟ್ 1,988 ಪಾಯಿಂಟ್. ಒಂದು ಪಾಲು ಅಪಾಯಕ್ಕೆ ಆರು ಪಾಲು ಲಾಭ, ಅಂದರೆ ಒಂದಕ್ಕೆ ಆರು. ಶನಿವಾರ ಕದನವಿರಾಮ ಘೋಷಣೆಯಾಯಿತು. ಸೋಮವಾರ ನಿಫ್ಟಿ 917 ಪಾಯಿಂಟ್ ಏರಿತು. ಜೂನ್ 30ಕ್ಕೆ 25,669 ಮುಟ್ಟಿ, ಆಮೇಲೆ ಆಗಸ್ಟ್‌ನಲ್ಲಿ 24,400ರ ಕೆಳಕ್ಕೂ ಬಂದು, ಅಕ್ಟೋಬರ್‌ನಲ್ಲಿ 26,000 ದಾಟಿತು. ಬ್ರೇಕ್‌ಔಟ್‌ನಿಂದ ಟಾರ್ಗೆಟ್‌ಗೆ ಆರು ತಿಂಗಳು.

ಆದರೆ ಆ ಶುಕ್ರವಾರ ಕೊಂಡವರ ಮೇಲೆ ಇನ್ನೊಂದು ಅಪಾಯವೂ ಇತ್ತು. ಶನಿವಾರದ ಸುದ್ದಿ ಬೇರೆಯಾಗಿದ್ದರೆ ಸೋಮವಾರದ ವ್ಯಾಪಾರ 23,700ಕ್ಕಿಂತ ಬಹಳ ಕೆಳಗೆ ಶುರುವಾಗಬಹುದಿತ್ತು. ನಾನಾದರೆ ಇಂಥ ವಾರಾಂತ್ಯಕ್ಕೆ ಮೊದಲು ಅರ್ಧ ಮೊತ್ತವನ್ನಷ್ಟೇ ಹಾಕಲು ಹೇಳುತ್ತೇನೆ. ರಿಟೆಸ್ಟ್ ಬಾರದೇ ಹೋಗುವ ಷೇರುಗಳೂ ಇವೆ. ಅವು ನಮ್ಮ ಕೈತಪ್ಪುತ್ತವೆ. ತಪ್ಪಲಿ. ನಿಫ್ಟಿ 500ರಲ್ಲಿ ಮುಂದಿನ ವಾರ ಇನ್ನೊಂದು ಸಿಗುತ್ತದೆ.

ಹೆಜ್ಜೆ 6: ಎಷ್ಟು ಷೇರು? ಉತ್ತರ ಸ್ಟಾಪ್‌ಲಾಸ್‌ನಲ್ಲಿದೆ

ಒಂದು ಕಾಲ್ಪನಿಕ ಷೇರು ತೆಗೆದುಕೊಳ್ಳೋಣ. ಎರಡು ತಳ 442ರ ಹತ್ತಿರ, ನೆಕ್‌ಲೈನ್ 480. ಎತ್ತರ 38, ಟಾರ್ಗೆಟ್ 518. ಬ್ರೇಕ್‌ಔಟ್ ದಿನ 486ಕ್ಕೆ ಮುಗಿದಿದೆ. ಇತ್ತೀಚಿನ ಸಣ್ಣ ತಳ 470, ಹಾಗಾಗಿ ಸ್ಟಾಪ್‌ಲಾಸ್ 468.

486ಕ್ಕೆ ಕೊಂಡರೆ ಅಪಾಯ 18 ರೂಪಾಯಿ, ಲಾಭ 32. ಒಂದಕ್ಕೆ ಎರಡೂ ಇಲ್ಲ. ಬಿಡಿ. ರಿಟೆಸ್ಟ್‌ನಲ್ಲಿ 481ಕ್ಕೆ ಸಿಕ್ಕರೆ ಅಪಾಯ 13, ಲಾಭ 37. ಒಂದಕ್ಕೆ ಎರಡೂ ಮುಕ್ಕಾಲರ ಮೇಲೆ. ತೆಗೆದುಕೊಳ್ಳಬಹುದು.

ನಿಮ್ಮ ಬಂಡವಾಳ 2 ಲಕ್ಷ ಅಂದುಕೊಳ್ಳಿ. ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಬಹುದಾದ್ದು ಅದರ ಶೇ. 1, ಅಂದರೆ 2,000 ರೂಪಾಯಿ. 2,000ವನ್ನು 13ರಿಂದ ಭಾಗಿಸಿದರೆ 153 ಷೇರು. 481ರಂತೆ ಸುಮಾರು 73,600 ರೂಪಾಯಿ. ಕೈಯಲ್ಲಿ 2 ಲಕ್ಷ ಇದೆ ಎಂದು 400 ಷೇರು ಕೊಳ್ಳುವುದಲ್ಲ, ಷೇರಿಗೆ 13 ರೂಪಾಯಿ ಹೋದರೂ ನಿದ್ದೆ ಕೆಡದಷ್ಟು ಕೊಳ್ಳುವುದು.

ಶೇ. 1 ಯಾಕೆ? ಸತತ ಎಂಟು ಟ್ರೇಡ್ ಸೋಲುವುದು ಯಾರಿಗೂ ಬರಬಹುದಾದದ್ದು. ಶೇ. 1ರಂತೆ ಹಾಕಿದ್ದರೆ ಆಗ ಬಂಡವಾಳದ ಶೇ. 8ಕ್ಕಿಂತ ಕಮ್ಮಿ ಹೋಗಿರುತ್ತದೆ. ಶೇ. 5ರಂತೆ ಹಾಕಿದ್ದರೆ ಮೂರನೇ ಒಂದು ಭಾಗ ಹೋಗಿರುತ್ತದೆ. ಅದನ್ನು ವಾಪಸ್ ತರಲು ಉಳಿದ ಹಣದ ಮೇಲೆ ಶೇ. 50ರಷ್ಟು ಗಳಿಸಬೇಕು. ಇತ್ತ ಒಂದಕ್ಕೆ ಎರಡರ ಟ್ರೇಡ್‌ಗಳನ್ನೇ ಆರಿಸಿದರೆ ಹತ್ತರಲ್ಲಿ ನಾಲ್ಕು ಗೆದ್ದರೂ ಲಾಭವೇ: ನಾಲ್ಕರಿಂದ ಎಂಟು ಪಾಲು ಬರುತ್ತದೆ, ಆರರಿಂದ ಆರು ಪಾಲು ಹೋಗುತ್ತದೆ.

ಹೆಜ್ಜೆ 7: ಆರ್ಡರ್ ಹಾಕುವುದು

ನಿರ್ಧಾರ ಸಂಜೆ ಮಾಡಿ, ಆರ್ಡರ್ ಮರುದಿನ ಹಾಕಿ. 9.15ಕ್ಕೆ ಸರಿಯಾಗಿ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವುದು) ಬೇಡ, ಮೊದಲ ಕಾಲು ಗಂಟೆಯ ಗಲಾಟೆ ಕಳೆಯಲಿ. ನೀವೇ ಬೆಲೆಯ ಮಿತಿ ಹೇಳುವ ಲಿಮಿಟ್ ಆರ್ಡರ್ ಹಾಕಿ.

ಕೊಂಡ ತಕ್ಷಣ ಸ್ಟಾಪ್‌ಲಾಸ್ ಹಾಕಿ. ಡೆಲಿವರಿ ಷೇರಿಗೆ ಜಿಟಿಟಿ (ಹೇಳಿದ ಬೆಲೆ ಬರುವವರೆಗೆ ದಿನಗಟ್ಟಲೆ ಕಾಯುವ ಆರ್ಡರ್) ಅನುಕೂಲ. ಟಾರ್ಗೆಟ್ ಮತ್ತು ಸ್ಟಾಪ್‌ಲಾಸ್ ಎರಡನ್ನೂ ಒಟ್ಟಿಗೆ ಇಡಬಹುದು, ಒಂದು ಆದರೆ ಇನ್ನೊಂದು ರದ್ದಾಗುತ್ತದೆ. ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 468 ಇದ್ದರೆ ಲಿಮಿಟ್ ಬೆಲೆಯನ್ನೂ 468 ಇಡಬೇಡಿ, 460ರಷ್ಟು ಕೆಳಗಿಡಿ. ಬೆಲೆ ಸರ್ರನೆ ಇಳಿದರೆ 468ರ ಲಿಮಿಟ್ ಆರ್ಡರ್ ಹಾಗೇ ತೂಗಾಡುತ್ತಿರುತ್ತದೆ, ಷೇರು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಗ್ಯಾಪ್ ಬಂದರೆ (ನಡುವಿನ ಬೆಲೆಗಳನ್ನು ಹಾರಿ ಕೆಳಗೆ ವ್ಯಾಪಾರ ಶುರುವಾದರೆ) 460ರ ಆರ್ಡರ್ ಕೂಡ ಆಗದಿರಬಹುದು. ಏಪ್ರಿಲ್ 7ರ ಬೆಳಿಗ್ಗೆ 21,950ರಲ್ಲಿ ಸ್ಟಾಪ್‌ಲಾಸ್ ಇಟ್ಟವರಿಗೆ ಆ ಬೆಲೆ ಸಿಗಲೇ ಇಲ್ಲ. ವ್ಯಾಪಾರ ಶುರುವಾದದ್ದೇ ಅದರ ಕೆಳಗೆ. ಆದ್ದರಿಂದ ಟ್ರಿಗರ್ ಆದ ದಿನ ಆರ್ಡರ್ ನಿಜವಾಗಿ ಆಗಿದೆಯಾ ಎಂದು ಕಣ್ಣಾರೆ ನೋಡಿ.

ಡಿಮ್ಯಾಟ್ ಖಾತೆಯಲ್ಲಿರುವ ಷೇರು ಮಾರಲು ಡಿಡಿಪಿಐ (ಮಾರಿದ ಷೇರನ್ನು ಖಾತೆಯಿಂದ ತೆಗೆಯಲು ಬ್ರೋಕರ್‌ಗೆ ಕೊಡುವ ಒಪ್ಪಿಗೆ ಪತ್ರ) ಕೊಟ್ಟಿರಬೇಕು, ಇಲ್ಲದಿದ್ದರೆ ಪ್ರತಿ ಸಲ ಓಟಿಪಿ ಹಾಕಬೇಕು. ಸ್ಟಾಪ್‌ಲಾಸ್ ಮುಟ್ಟಿದ ಹೊತ್ತಿಗೆ ನೀವು ಬಸ್ಸಿನಲ್ಲಿದ್ದರೆ ಅದೇ ತೊಡಕಾಗುತ್ತದೆ. ಇದನ್ನು ಮೊದಲೇ ಮುಗಿಸಿಟ್ಟುಕೊಳ್ಳಿ.

ಹೆಜ್ಜೆ 8: ಕೊಂಡ ಮೇಲೆ

ಸ್ಟಾಪ್‌ಲಾಸ್ ಕೆಳಗೆ ಸರಿಸಬೇಡಿ. ಯಾವ ಕಾರಣಕ್ಕೂ. ಮೇಲೆ ಸರಿಸಬಹುದು: ಷೇರು ಏರಿ, ಸ್ವಲ್ಪ ಇಳಿದು, ಹೊಸ ತಳ ಮಾಡಿ ಮತ್ತೆ ಏರಿದಾಗ ಆ ಹೊಸ ತಳದ ಕೆಳಗೆ.

ಕಂಪನಿಯ ಫಲಿತಾಂಶದ ದಿನಾಂಕ ಎನ್‌ಎಸ್‌ಇ ತಾಣದಲ್ಲಿ ಸಿಗುತ್ತದೆ. ಫಲಿತಾಂಶಕ್ಕೆ ಎರಡು-ಮೂರು ದಿನ ಇರುವಾಗ ಹೊಸದಾಗಿ ಕೊಳ್ಳಬೇಡಿ. ಒಂದು ಕೆಟ್ಟ ಫಲಿತಾಂಶ ಎಂಥ ಸಪೋರ್ಟನ್ನೂ ಒಂದೇ ರಾತ್ರಿಯಲ್ಲಿ ದಾಟಿಬಿಡುತ್ತದೆ.

ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಡೆಲಿವರಿಯಲ್ಲಿ ಕೊಳ್ಳುವಾಗ ಶೇ. 0.1, ಮಾರುವಾಗ ಶೇ. 0.1 ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ). ಕೊಳ್ಳುವಾಗ ಶೇ. 0.015 ಸ್ಟಾಂಪ್ ಶುಲ್ಕ. ಮಾರಿದಾಗ ಡಿಪಿ ಶುಲ್ಕ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ). ಬ್ರೋಕರೇಜ್ ಇಲ್ಲದಿದ್ದರೂ 1 ಲಕ್ಷದ ಷೇರು ಕೊಂಡು ಮಾರಿದರೆ 200 ರೂಪಾಯಿಗೂ ಜಾಸ್ತಿ ಹೋಗುತ್ತದೆ. ಒಂದು ವರ್ಷದೊಳಗೆ ಮಾರಿ ಬಂದ ಲಾಭದ ಮೇಲೆ 2024ರ ಜುಲೈ 23ರಿಂದ ಶೇ. 20 ತೆರಿಗೆ, ಮೇಲೆ ಸೆಸ್. ನಷ್ಟವಾದ ವರ್ಷವೂ ರಿಟರ್ನ್ ಅನ್ನು ಗಡುವಿನೊಳಗೆ ಸಲ್ಲಿಸಿ. ಆ ನಷ್ಟವನ್ನು ಮುಂದಿನ ಎಂಟು ವರ್ಷದ ಬಂಡವಾಳ ಲಾಭದಲ್ಲಿ ಕಳೆಯಬಹುದು. ಗಡುವು ತಪ್ಪಿದರೆ ಈ ಅವಕಾಶ ಹೋಗುತ್ತದೆ.

ಹಣ ಹಾಕುವ ಮೊದಲು ಅಭ್ಯಾಸ

ಹಳೆಯ ಚಾರ್ಟ್ ತೆಗೆದು, ಬಲಗಡೆಯ ಭಾಗವನ್ನು ಹಾಳೆಯಿಂದ ಮುಚ್ಚಿ. ಸಪೋರ್ಟ್ ಪಟ್ಟಿ ಬಳಿಯಿರಿ. ಎಲ್ಲಿ ಕೊಳ್ಳುತ್ತೀರಿ, ಸ್ಟಾಪ್‌ಲಾಸ್ ಎಲ್ಲಿ, ಟಾರ್ಗೆಟ್ ಎಷ್ಟು ಎಂದು ಬರೆಯಿರಿ. ಆಮೇಲೆ ಒಂದೊಂದೇ ಕ್ಯಾಂಡಲ್ ತೆರೆಯುತ್ತಾ ಹೋಗಿ. 2018, 2020, 2022 ಹೀಗೆ ಮಾರುಕಟ್ಟೆ ನಡುವೆ ಜೋರಾಗಿ ಇಳಿದ ವರ್ಷಗಳನ್ನೂ ಸೇರಿಸಿ. ಏರುವ ವರ್ಷದಲ್ಲಿ ಎಲ್ಲ ಪ್ಯಾಟರ್ನೂ ಗೆಲ್ಲುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. 50 ಟ್ರೇಡ್ ಆದ ಮೇಲೆ ಎಷ್ಟು ಗೆಲುವು, ಸರಾಸರಿ ಗೆಲುವು ಎಷ್ಟು, ಸರಾಸರಿ ಸೋಲು ಎಷ್ಟು ಎಂದು ಕೂಡಿ. ಲೆಕ್ಕ ಲಾಭದಲ್ಲಿದ್ದರೆ ನಿಜವಾದ ಹಣದಲ್ಲಿ, ಶೇ. 1ರ ಬದಲು ಶೇ. 0.25ರ ಅಪಾಯದಿಂದ ಶುರು ಮಾಡಿ. ಸ್ಟಾಪ್‌ಲಾಸ್ ಮುಟ್ಟಿದಾಗ ಕೈ ತಡೆಯದೆ ಹೊರಬರುವುದು ರೂಢಿಯಾದ ಮೇಲೆ ಶೇ. 1ಕ್ಕೆ ಹೋಗಿ.